ವೈಶಾಖದ ಬೀಸಣಿಕೆ

ನಾನು ಮದುವೆಯಾಗಿ ಬಂದ ಮನೆಯಲ್ಲಿ ದೇವರ ಜಗಲಿ ಇರಲಿಲ್ಲ. ಜೋರಾಪುರ ಪೇಟೆಯ ಹಿಂದಿನ ಒಂದು ಓಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ, ಮೇಲೆ ತಗಡು. ಮನೆ ಕಟ್ಟಿದವರು ಜಗಲಿಗೆಂದು ಗೋಡೆಯಲ್ಲಿ ಒಂದು ಗೂಡು ಬಿಟ್ಟಿದ್ದರು. ಅದರಲ್ಲಿ ನನ್ನ ಗಂಡ ಪುಸ್ತಕ ಜೋಡಿಸಿದ್ದರು, ಪುಸ್ತಕದ ಮೇಲೆ ಬುದ್ಧನ ಒಂದು ಸಣ್ಣ ಪಟ. ಅದರ ಮುಂದೆ ದೀಪ ಹಚ್ಚಬೇಕೋ ಬೇಡವೋ ಎಂಬುದು ನನಗೆ ಬಹಳ ದಿನ ಗೊತ್ತಾಗಲಿಲ್ಲ. ಕೇಳಿದರೆ, "ಹಚ್ಚಿದ್ರ ಹಚ್ಚು, ಬೆಳಕು ಬೀಳತೈತಿ" ಎನ್ನುತ್ತಿದ್ದರು.

ಇದು ಐವತ್ತರ ದಶಕದ ಕೊನೆಯ ಮಾತು. ನಮ್ಮ ಜನ ಊರ ಹೊರಗಿನ ಕೇರಿಯವರು. ನನ್ನ ತವರು ಬಬಲೇಶ್ವರ, ಗಂಡನ ಊರು ತಿಕೋಟಾ. ಅವರಿಗೆ ಬಿಜಾಪುರದ ಸ್ಟೇಷನ್ನಿನಲ್ಲಿ ನೌಕರಿ. ಗಾಡಿ ಬರುವಾಗ ಹಳಿಯ ಕೀಲಿ ತಿರುಗಿಸುವ ಕೆಲಸ. ಮದುವೆಗೆ ಮುಂಚೆ ಗೆಳೆಯರ ಜೊತೆ ನಾಗಪುರಕ್ಕೆ ಹೋಗಿ ಬೌದ್ಧರಾಗಿ ಬಂದಿದ್ದರು. ಅದು ನಮ್ಮ ಅಪ್ಪನಿಗೂ ಗೊತ್ತಿತ್ತು. ಹುಡುಗನಿಗೆ ಸರಕಾರಿ ನೌಕರಿ ಇದೆ, ಕುಡಿಯುವುದಿಲ್ಲ ಎಂಬ ಎರಡು ಮಾತು ಕೇಳಿದ ಮೇಲೆ ಅಪ್ಪ ಉಳಿದದ್ದನ್ನು ವಿಚಾರಿಸಲಿಲ್ಲ.

ಮದುವೆಯಾದ ಮೊದಲ ಪಂಚಮಿಗೆ ಕರೆಯಲು ಅಣ್ಣ ಬಂದ. ಬುಟ್ಟಿಯಲ್ಲಿ ಶೇಂಗಾ ಉಂಡಿ, ಎಳ್ಳಿನ ಉಂಡಿ, ಮೇಲೆ ಮಡಿಚಿಟ್ಟ ಹಸಿರು ಕುಬಸ. ಹೊಸ್ತಿಲ ಹೊರಗೇ ನಿಂತು, "ಹಬ್ಬಕ್ಕ ತಂಗೀನ್ನ ಕರಕೊಂಡು ಹೋಗಾಕ ಬಂದೀನ್ರಿ" ಎಂದ. ಹೇಳುವಾಗ ಅವನ ದನಿಯಲ್ಲಿ ಅಂಜಿಕೆ ಇತ್ತು.

"ಕರಕೊಂಡು ಹೋಗ್ರಿ. ತವರಿಗೆ ಹೋಗೂದಕ್ಕ ನಂದೇನೂ ತಕರಾರಿಲ್ಲ. ಆದ್ರ ಹುತ್ತಕ್ಕ ಹಾಲು ಎರಿಯೂದು ಬ್ಯಾಡ," ಎಂದರು ನನ್ನ ಗಂಡ.

ನಾನು ಹೋದೆ. ಅವ್ವ ಹಾಲಿನ ಗಿಂಡಿ ಹಿಡಿದು ಹುತ್ತದ ಕಡೆ ಹೊರಟಾಗ ನಾನು ಬೇವಿನ ಮರದ ಜೋಕಾಲಿಯ ಮೇಲೆ ಕುಳಿತಿದ್ದೆ. ಕೆಟ್ಟದ್ದೆನಿಸಿತು ಎಂದು ಹೇಳಲಾರೆ. ತಿರುಗಿ ಬರುವಾಗ ಅವ್ವ ಕೊಟ್ಟ ಉಂಡಿಗಳನ್ನು ಓಣಿಯ ಮನೆಮನೆಗೆ ಹಂಚಿದೆ. ನನ್ನ ಗಂಡನೂ ತಿಂದರು. "ಉಂಡಿಗೆ ಯಾವ ಧರ್ಮಾನೂ ಇಲ್ಲ ನೋಡು" ಎಂದರು.

ದಸರೆಗೆ ಎದುರಾದದ್ದು ಬೇರೆ ಪೇಚು. ನಮ್ಮ ಓಣಿಯಲ್ಲಿ ಕೆಲವು ಮನೆಗಳು ಬೌದ್ಧರಾಗಿದ್ದವು, ಕೆಲವು ಆಗಿರಲಿಲ್ಲ. ಹಳೆಯ ಮನೆಯವರೊಬ್ಬರು ಸಂಜೆ ಬಂದು ರೂಢಿಯಂತೆ ನನ್ನ ಗಂಡನ ಕೈಗೆ ಬನ್ನಿ ಎಲೆ ಕೊಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎಂದರು. ಕೊಟ್ಟವರಿಗೆ ತಿರುಗಿ ಎಲೆ ಕೊಡಬೇಕು. ನಮ್ಮ ಮನೆಯಲ್ಲಿ ಬನ್ನಿ ತಂದಿರಲಿಲ್ಲ. ಬಂದವರು ಒಂದು ಗಳಿಗೆ ಕಾದು ಹೊರಟು ಹೋದರು. ನನ್ನ ಗಂಡ ಎಲೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ದೀಪಾವಳಿಯೂ ಹಾಗೇ ಕಳೆಯಿತು. ಆ ಮೊದಲ ವರ್ಷ ನಮ್ಮ ಮನೆಯಲ್ಲಿ ಹಬ್ಬವೆಂದರೆ ಬಿಡುವ ಕೆಲಸವಾಗಿತ್ತು, ಮಾಡುವ ಕೆಲಸವಾಗಿರಲಿಲ್ಲ.

ಅತ್ತೆ ತಿಕೋಟಾದಲ್ಲಿ ಕಿರಿಯ ಮಗನ ಸಂಸಾರದ ಜೊತೆ ಇದ್ದರು. ಎಲುಬು ಗಟ್ಟಿ ಇದ್ದ ಹೆಂಗಸು, ಮಾತು ಕಡಿಮೆ. ಅಲ್ಲಿಯ ಗೌಡರ ಹೊಲದಲ್ಲಿ ದುಡಿತ. ಹಬ್ಬ ಬಂದಾಗ ಗೌಡರ ಹಿತ್ತಲ ಬಾಗಿಲಲ್ಲಿ ಬುಟ್ಟಿ ಹಿಡಿದು ನಿಲ್ಲುವುದು, ಮನೆಯೊಡತಿ ಮೇಲಿನಿಂದ ನೀಡಿದ್ದನ್ನು ಇಸಗೊಂಡು ಬರುವುದು, ಇದು ಅವರು ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ನಡೆದದ್ದು. ಕೇರಿಯ ಎಲ್ಲರದೂ ಅದೇ ರೂಢಿ. ನಮ್ಮ ಬಬಲೇಶ್ವರದಲ್ಲೂ ಇತ್ತು.

ಸಂಕ್ರಾಂತಿಯ ಮರುದಿನ ಅತ್ತೆ ಬಸ್ಸಿನಲ್ಲಿ ಬಂದರು, ತೊಡೆಯ ಮೇಲೆ ಒಂದು ಗಂಟು ಇಟ್ಟುಕೊಂಡು. ಬಿಚ್ಚಿದರೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮುರಿದ ಕಡುಬು, ಎಲ್ಲ ಒಂದರ ಮೇಲೊಂದು. ನನ್ನ ಗಂಡ ಆಗಷ್ಟೇ ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದರು.

"ಎಲ್ಲಿಂದ ತಂದಿ ಯವ್ವಾ?"

"ಎಲ್ಲಿಂದ ತರ್ತೀನಿ? ಗೌಡರ ಮನ್ಯಾಂದು. ಹೊಸಾ ಸೊಸಿ ಬಂದಾಳಂತ ಹೇಳಿ ಗೌಡಶ್ಯಾನಿ ಎರಡು ಹೋಳಿಗಿ ಹೆಚ್ಚಗಿ ನೀಡ್ಯಾಳ."

"ಹಿತ್ತಲ ಬಾಗಲಾಗ ನಿಂತು ಇಸಗೊಂಡದ್ದು ಈ ಮನ್ಯಾಗ ಬ್ಯಾಡ."

"ಅದನ್ನ ತಿಂದ ನೀ ಬೆಳದೀಯಪ್ಪಾ."

"ಅದಕ್ಕ ಬ್ಯಾಡ ಅನ್ನಾಕತ್ತೇನಿ."

ಇಬ್ಬರದೂ ದನಿ ಏರಲಿಲ್ಲ. ಅತ್ತೆ ಗಂಟು ಮತ್ತೆ ಕಟ್ಟಿದರು. ನಾನು ಕೊಟ್ಟ ಚಹಾವನ್ನು ನಿಂತೇ ಕುಡಿದರು. ಬಾಗಿಲು ದಾಟುವಾಗ ನನ್ನ ಕಡೆ ತಿರುಗಿ, "ನಿನ್ನ ಗಂಡ ಇದ್ದ ಹಬ್ಬಾನ ಕಳದ. ಬದಲಿಗಿ ಏನ ತಂದಾನ, ಒಂದ ಸಲ ಕೇಳು ಬೇ" ಎಂದರು. ಸಂಜೆಯ ಬಸ್ಸಿಗೇ ತಿಕೋಟಾಕ್ಕೆ ಹೋದರು. ಆಮೇಲೆ ಬಹಳ ದಿನ ನಮ್ಮ ಮನೆಗೆ ಬರಲಿಲ್ಲ.

ನಾನು ಗಂಡನನ್ನು ಕೇಳಲಿಲ್ಲ. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು.

ಉಗಾದಿ ಕಳೆದು ಬಿಸಿಲು ಏರಿತು. ವೈಶಾಖದ ಹುಣ್ಣಿಮೆ ಬುದ್ಧ ಹುಟ್ಟಿದ ದಿನ, ಅದನ್ನು ಓಣಿಯಲ್ಲಿ ಈ ಸಲ ಎಲ್ಲರೂ ಕೂಡಿ ಮಾಡಬೇಕೆಂದು ನನ್ನ ಗಂಡ ಮತ್ತು ಗೆಳೆಯರು ನಮ್ಮ ಖೋಲಿಯಲ್ಲಿ ಕೂಡಿದರು. ಅವರಲ್ಲಿ ಮರಾಠಿ ಓದಲು ಬರುವವರೊಬ್ಬರು ಸಣ್ಣ ಪುಸ್ತಕವೊಂದನ್ನು ತಂದಿದ್ದರು. ಬಿಳಿ ಬಟ್ಟೆ ಉಡಬೇಕು, ಖೀರು ಮಾಡಬೇಕು, ಪ್ರಾರ್ಥನೆ ಮಾಡಬೇಕು ಎಂದು ಓದಿ ಹೇಳಿದರು. ಆಮೇಲೆ ಮಾತೆಲ್ಲ ಯಾರು ಭಾಷಣ ಮಾಡಬೇಕು ಎನ್ನುವುದರ ಸುತ್ತ ತಿರುಗಿತು. ಎದುರು ಮನೆಯ ಅಕ್ಕ ನನ್ನ ಜೊತೆ ಒಳಗೆ ಚಹಾ ಸೋಸುತ್ತಿದ್ದರು. ಅವರ ಗಂಡ ಹತ್ತಿ ಮಿಲ್ಲಿನಲ್ಲಿ ದುಡಿಯುತ್ತಿದ್ದರು. ಅಕ್ಕನ ನಾಲಿಗೆಗೆ ಓಣಿಯ ಗಂಡಸರೆಲ್ಲ ಹೆದರುತ್ತಿದ್ದರು. ಅವರು ಚಹಾ ಒಯ್ದು ಕೊಟ್ಟು ಅಲ್ಲೇ ನಿಂತರು.

"ಎಲ್ಲಾ ಖರೇರಿ. ಆದ್ರ ಬಂದವರ ಕೈಯಾಗ ಏನ ಕೊಡೂದು?"

"ಉಪದೇಶ ಕೊಡೂದು," ಎಂದರು ಒಬ್ಬರು. ಎಲ್ಲರೂ ನಕ್ಕರು.

"ಉಪದೇಶ ಮನಿಗೆ ಒಯ್ಯಾಕ ಬರತೈತೇನು? ಹಬ್ಬ ಅಂದಮ್ಯಾಲ ಹೆಣ್ಣಮಕ್ಕಳು ಏನಾರ ಒಯ್ಯಬೇಕು, ಏನಾರ ಕೊಡಬೇಕು. ಇಲ್ಲಂದ್ರ ಅದು ಮೀಟಿಂಗ ಆಗತೈತಿ."

ತಗಡಿನ ಕೆಳಗೆ ಕುಳಿತವರ ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು. ಮರಾಠಿ ಓದುವವರು ಆ ಪುಸ್ತಕದಿಂದಲೇ ಗಾಳಿ ಬೀಸಿಕೊಳ್ಳುತ್ತಿದ್ದರು. ಅದನ್ನು ನೋಡುತ್ತ ನಾನು ಒಳಗಿನಿಂದಲೇ, "ಬೀಸಣಿಕಿ ಮಾಡೂಣ್ರಿ" ಎಂದೆ.

ಗಂಡಸರು ಕೂಡಿದಲ್ಲಿ ನಾನು ಮಾತಾಡಿದ್ದು ಅದೇ ಮೊದಲು. ನನ್ನ ಗಂಡ ತಿರುಗಿ ನೋಡಿದರು.

"ಗಾಂಧಿ ಚೌಕದಾಗ ಬೇಕಾದಷ್ಟು ಸಿಗತಾವಲ್ಲ?"

"ಪ್ಯಾಟ್ಯಾಗಿಂದ ತಂದು ಕೊಟ್ರ ಅದು ಪ್ಯಾಟಿದು ಆಗತೈತ್ರಿ, ನಮ್ಮದಲ್ಲ. ನಮ್ಮವ್ವ ಈಚಲ ಗರಿದು ಹೆಣೀತಾಳ. ನನಗೂ ಬರತೈತಿ."

ಯಾರೂ ಬೇಡವೆನ್ನಲಿಲ್ಲ. ಬೇರೆ ಏನೂ ಹೊಳೆದಿರಲಿಲ್ಲ, ಅದಕ್ಕೇ ಇರಬೇಕು.

ನಾನು ಬಬಲೇಶ್ವರಕ್ಕೆ ಹೋದೆ. ಹಳ್ಳದ ದಂಡೆಯ ಈಚಲು ಗಿಡಗಳಿಂದ ಅಣ್ಣ ಗರಿ ಕೊಯ್ದು ಕೊಟ್ಟ. ಬಲಿತ ಗರಿ ಸೀಳುತ್ತದೆ, ತೀರ ಎಳೆಯದು ಬಾಡುತ್ತದೆ. ನಡುವಿನದನ್ನು ಅವ್ವ ಆರಿಸಿದಳು. ಹಿಡಿಕೆಗೆ ಹೊಲದಲ್ಲಿ ಉಳಿದ ತೊಗರಿ ಕಟ್ಟಿಗೆ. ಎರಡು ದೊಡ್ಡ ಹೊರೆಯಾಯಿತು. ಬಸ್ಸಿನ ಮೇಲೆ ಹಾಕುವಾಗ ಕಂಡಕ್ಟರ್, "ಏನವ್ವಾ, ಗಿಡಾನ ಕಿತಗೊಂಡು ಹೊಂಟೀಯೇನು?" ಎಂದ. ಹೊರೆಯ ಮುಳ್ಳು ಚುಚ್ಚಿದ್ದಕ್ಕೆ ಅವನಿಗೆ ಸಿಟ್ಟು ಬಂದಿತ್ತು.

ಮೊದಲ ದಿನದ ಕೆಲಸ ಕೆಟ್ಟಿತು. ಗರಿ ಮೆತ್ತಗಾಗಲೆಂದು ನಾನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿದ್ದೆ. ಹೆಣೆಯುವಾಗ ಚೆನ್ನಾಗಿಯೇ ಇತ್ತು. ಬಿಸಿಲಿಗೆ ಒಣಗಿದ ಮೇಲೆ ಎಳೆಗಳೆಲ್ಲ ಕುಗ್ಗಿ ನಡುವೆ ಬೆರಳು ತೂರುವಷ್ಟು ಸಂದಿ ಬಿದ್ದವು. ಎದುರು ಮನೆಯ ಅಕ್ಕ ಒಂದನ್ನು ಎತ್ತಿ ಮುಖದ ಮುಂದೆ ಹಿಡಿದು, "ಇದರಾಗಿಂದ ನನ್ನ ಗಂಡ ಕಾಣತಾನ ನೋಡು" ಎಂದರು. ಅವ್ವ ನೆನೆಹಾಕುತ್ತಿರಲಿಲ್ಲ, ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು ಎಂಬುದು ಆಗ ನೆನಪಾಯಿತು. ಎಲ್ಲ ಬಿಚ್ಚಿ ಮತ್ತೆ ಹೆಣೆದೆವು.

ಮಧ್ಯಾಹ್ನ ಊಟವಾದ ಮೇಲೆ ಓಣಿಯ ಹೆಂಗಸರು ನಮ್ಮ ಮನೆಯ ಗೋಡೆಯ ನೆರಳಿಗೆ ಬರುತ್ತಿದ್ದರು. ಅಕ್ಕನಿಗೆ ಹೆಣೆಯಲು ಬರಲೇ ಇಲ್ಲ. ಅವರು ಹಿಡಿಕೆಯ ಸಿಬಿರು ತೆಗೆದು ನುಣ್ಣಗೆ ಮಾಡುವ ಕೆಲಸ ಹಿಡಿದರು. ಅವರ ಅತ್ತೆ ಮುತ್ತಲ ಎಲೆಯನ್ನು ಕಡ್ಡಿಯಿಂದ ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದರು. ಬೀಸಣಿಕೆಯ ಅಂಚು ಬಿಚ್ಚದಂತೆ ಸುತ್ತಲೂ ಬಟ್ಟೆಯ ಪಟ್ಟಿ ಹೊಲಿಯಬೇಕು. ಬಿಳಿಯದೇ ಇರಲಿ ಎಂದು ನನ್ನ ಗಂಡ ಹೇಳಿದರು. ಹರಿಯುವಂಥ ಬಿಳಿ ಬಟ್ಟೆ ಮನೆಯಲ್ಲಿ ಇದ್ದದ್ದು ಅವರ ಹಳೆಯ ಧೋತರ ಒಂದೇ. ನಾನು ಅದನ್ನು ಹರಿದು ಪಟ್ಟಿ ಮಾಡುವಾಗ ಅವರು ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತು ನೋಡಿದರು.

"ಇನ್ನೊಂದ ವರ್ಷ ಬರತಿತ್ತು ಅದು."

"ಬಿಳೇದು ಅಂದವರು ನೀವ ಅಲ್ರಿ?"

ಧೋತರದ ಕಡೆ ಇನ್ನೊಮ್ಮೆ ನೋಡಿ ಕೆಲಸಕ್ಕೆ ಹೋದರು.

ಹುಣ್ಣಿಮೆಯ ದಿನ ಓಣಿಯ ತುದಿಯ ಬೇವಿನ ಮರದ ಕೆಳಗೆ ನೀರು ಚಿಮುಕಿಸಿ ಜಮಖಾನೆ ಹಾಸಿದರು. ಬಿಳಿ ಸೀರೆಯ ಮಾತಿಗೆ ಹೆಂಗಸರಲ್ಲಿ ಗುಸುಗುಸು ಇತ್ತು. ಗಂಡ ಇದ್ದವರು ಬಿಳಿ ಉಟ್ಟರೆ ನೋಡಿದವರು ಏನೆಂದಾರು ಎಂಬ ಅಳುಕು. ನನಗೂ ಇತ್ತು. ಕಡೆಗೆ ನಾನು ಬಿಳಿ ಸೀರೆ ಉಟ್ಟು ಕೈತುಂಬ ಹಸಿರು ಬಳೆ ಇಟ್ಟುಕೊಂಡೆ. ಉಳಿದವರೂ ಹಾಗೇ ಮಾಡಿದರು. ಪುಸ್ತಕದಲ್ಲಿ ಅಕ್ಕಿಯ ಖೀರು ಎಂದಿತ್ತು. ನಮ್ಮಲ್ಲಿ ಗೋಧಿ ಹುಗ್ಗಿ ಆಯಿತು. ಎರಡು ಭಾಷಣ ಆದವು. ಮೂರನೆಯದಕ್ಕೆ ಎದ್ದವರನ್ನು ಅಕ್ಕ, "ಹುಗ್ಗಿ ಆರಾಕತ್ತೈತ್ರಿ" ಎಂದು ಕೂರಿಸಿದರು.

ಊಟವಾದ ಮೇಲೆ ನಾನು ಮತ್ತು ಅಕ್ಕ ಬಂದ ಹೆಂಗಸರಿಗೆಲ್ಲ ಒಂದೊಂದು ಬೀಸಣಿಕೆ ಕೊಟ್ಟೆವು. ಬೌದ್ಧರಾಗದ ಮನೆಯವರೂ ಬಂದಿದ್ದರು, ಅವರಿಗೂ ಕೊಟ್ಟೆವು. ಒಬ್ಬ ಮುದುಕಿ ಅದನ್ನು ಕಣ್ಣಿಗೆ ಒತ್ತಿಕೊಂಡು, ಸೊಂಟದ ಸಂಚಿಯಿಂದ ಕುಂಕುಮ ತೆಗೆದು ಹಿಡಿಕೆಗೆ ಹಚ್ಚಿದಳು. ಮರಾಠಿ ಓದುವವರು ಏನೋ ಹೇಳಲು ಬಾಯಿ ತೆರೆದರು. ನನ್ನ ಗಂಡ ಅವರ ತೋಳು ಹಿಡಿದು ಸುಮ್ಮನಾಗಿಸಿದರು.

ಸ್ವಲ್ಪ ಹೊತ್ತಿನಲ್ಲಿ ಮರದ ಕೆಳಗೆ ಕುಳಿತವರೆಲ್ಲ ಬೀಸಿಕೊಳ್ಳುತ್ತಿದ್ದರು. ಬಿಸಿಗಾಳಿಯೇ, ಆದರೂ ಗಾಳಿ. ನನಗೆ ಆ ಹೊತ್ತು ಇದು ಹಬ್ಬ ಎನಿಸಿತು.

ಎರಡು ದಿನ ಬಿಟ್ಟು, ತಿಕೋಟಾಕ್ಕೆ ಹೋಗಿ ಅತ್ತೆಗೂ ಒಂದು ಕೊಟ್ಟು ಬರುತ್ತೇನೆ ಎಂದೆ. ನನ್ನ ಗಂಡ ಆಗಲಿ ಎಂದರು. ತಾವು ಬರುತ್ತೇನೆ ಎನ್ನಲಿಲ್ಲ.

"ಏನಾರ ಹೇಳೂದೈತೇನ್ರಿ?"

"ಏನಿಲ್ಲ." ಸ್ವಲ್ಪ ತಡೆದು, "ಆಕೀಗಿ ಸೆಕಿ ತಾಳಂಗಿಲ್ಲ. ದೊಡ್ಡದು ಒಯ್ಯಿ" ಎಂದರು.

ಅತ್ತೆ ಮನೆಯ ಮುಂದಿನ ನೆರಳಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದರು. ನೆಗೆಣ್ಣಿ, ಎಂದರೆ ನನ್ನ ಮೈದುನನ ಹೆಂಡತಿ, ನೀರು ತಂದು ಕೊಟ್ಟಳು. ನಾನು ದೊಡ್ಡ ಬೀಸಣಿಕೆಯನ್ನು ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ತಿರುವಿ ತಿರುವಿ ನೋಡಿದರು. ಅಂಚಿನ ಬಟ್ಟೆಯ ಮೇಲೆ ಬೆರಳಾಡಿಸುತ್ತ ಒಂದು ಕಡೆ ಬೆರಳು ನಿಲ್ಲಿಸಿದರು.

"ಇದು ನನ್ನ ಮಗನ ಧೋತರಲ್ಲೇನು? ಈ ಹರಕು ನಾನ ಹೊಲದಿದ್ದೆ."

"ಹೌದ್ರಿ ಅತ್ತಿ."

"ಹೆಣದಾಕಿ ನೀನ?"

"ನಾನರಿ. ಮೊನ್ನಿ ಹುಣ್ಣಿಮಿಗೆ ಎಲ್ಲಾರಿಗೂ ಕೊಟ್ಟಿವಿ."

"ಇದಕ್ಕ ನಾ ಏನ ಕೊಡಬೇಕು?"

"ಏನೂ ಬ್ಯಾಡ್ರಿ. ಹಬ್ಬದ್ದು."

ಅತ್ತೆ ಎರಡು ಸಲ ಬೀಸಿಕೊಂಡು ನೋಡಿದರು. "ಹಬ್ಬದಾಗ ಕೊಟ್ಟವರು ದೊಡ್ಡವರು, ಇಸಗೊಂಡವರು ಸಣ್ಣವರು. ಈಗ ನೀ ದೊಡ್ಡಾಕಿ ಆದೇನ ಬೇ?"

ಬೈಗುಳವಲ್ಲ, ನಿಜವಾಗಿಯೇ ಕೇಳಿದ್ದು. ಮಾತಿಗೆ ಮಾತು ಎಂಬಂತೆ, "ಹಂಗಲ್ರಿ. ನೀವೂ ಯಾರಿಗಾರ ಕೊಡ್ರಿ, ಸರಿ ಹೋಗತೈತಿ" ಎಂದೆ. ಕೇರಿಯ ಹೆಂಗಸರಿಗೆಂದು ನಾನು ಇನ್ನೂ ಕೆಲವನ್ನು ತಂದಿದ್ದೆ. ಅತ್ತೆ ಅವುಗಳಲ್ಲಿ ಒಂದನ್ನು ಆರಿಸಿ ಪಕ್ಕಕ್ಕೆ ಇಟ್ಟುಕೊಂಡರು.

"ಇದನ್ನ ಗೌಡಶ್ಯಾನಿಗಿ ಕೊಡತೀನಿ."

ನೆಗೆಣ್ಣಿ ಮತ್ತು ನಾನು ಮುಖ ನೋಡಿಕೊಂಡೆವು. "ಬ್ಯಾಡ್ರಿ ಅತ್ತಿ, ಆಕಿ ಎಲ್ಲಿ ತಗೋತಾಳ" ಎಂದಳು ನೆಗೆಣ್ಣಿ.

"ಯಾಕ ತಗೊಳ್ಳಂಗಿಲ್ಲ? ಬುಟ್ಟಿ, ಹಗ್ಗ, ಕಸಬರಗಿ ಎಲ್ಲಾ ತಗೋತಾಳ. ಇದೇನು ಉಣ್ಣೂದಲ್ಲ. ಆಕಿ ಕೈಲೇ ಇಷ್ಟ ವರ್ಷ ಇಸಗೊಂಡೀನಿ. ಒಂದ ಸಲ ನಾ ಕೊಡಬ್ಯಾಡೇನು?"

ಹೊತ್ತು ಇಳಿದ ಮೇಲೆ ಹೊರಟರು. ನನ್ನನ್ನೂ ಕರೆದರು. ಗೌಡರ ಹಿತ್ತಲ ಬಾಗಿಲು ತೆರೆದೇ ಇತ್ತು. ಒಳಗೆ ಕಲ್ಲಿನ ಕಟ್ಟೆಯ ಮೇಲೆ ಗೌಡರ ಹೆಂಡತಿ ಕುಳಿತಿದ್ದರು, ತುಂಬಿದ ಮೈಯ ಹೆಂಗಸು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ. ಅವರ ಸೊಸೆ ಪಕ್ಕದಲ್ಲಿ ಕಾಳು ಹಸನು ಮಾಡುತ್ತಿದ್ದಳು. ನಾವು ಬಾಗಿಲ ಬದಿಗೆ ನಿಂತೆವು.

"ಏನ ಬೇ, ಈ ಹೊತ್ತಿನಾಗ? ಯಾರಿದು, ನೌಕರಿ ಮಾಡೂ ಮಗನ ಹೇಣತೇನು?"

"ಹೌದ್ರಿ ಯವ್ವಾ. ಬೀಸಣಿಕಿ ಮಾಡ್ಯಾಳ್ರಿ. ನಿಮಗ ಒಂದು ತಂದೀನಿ."

"ಎಲ್ಲಿ, ಎತ್ತಿ ಹಿಡಿ ನೋಡೂಣು. ಅಡ್ಡಿಯಿಲ್ಲ, ಚಂದ ಹೆಣದಾಳ. ಅಲ್ಲಿ ಕಟ್ಟಿ ಮ್ಯಾಲ ಇಡು."

ಅತ್ತೆ ಒಳಗೆ ಬಾಗಿ ಕಟ್ಟೆಯ ತುದಿಗೆ ಇಟ್ಟು ಹಿಂದೆ ಸರಿದರು. ಗೌಡರ ಹೆಂಡತಿ ಸೊಸೆಗೆ, "ಆಕೀಗಿ ಒಂದ ಅಳತಿ ಜ್ವಾಳ ಹಾಕು" ಎಂದರು. ಸೊಸೆ ಎದ್ದು ಜೋಳ ತುಂಬಿಕೊಂಡು ಬಂದಳು.

"ಬ್ಯಾಡ್ರಿ ಯವ್ವಾ. ಇದು ಹಬ್ಬದ್ದು."

"ಈಗ ಯಾವ ಹಬ್ಬ ಬೇ? ಕಾರಹುಣ್ಣಿಮಿ ಇನ್ನೂ ಮುಂದೈತಿ."

"ನಮ್ಮದು ಹೊಸಾದು ಬಂದೈತ್ರಿ. ಮೊನ್ನಿ ಬಿಜಾಪುರದಾಗ ಮಾಡ್ಯಾರ."

"ಹೊಸಾ ಹಬ್ಬ!" ಅವರು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ನಕ್ಕರು. "ಆತು, ಇರವಲ್ದ್ಯಾಕ. ನಿಮ್ಮಂಥವರ ಕಡಿಂದ ಪುಕ್ಕಟ ಇಸಗೊಂಡು ನಾ ಯಾಕ ಪಾಪ ಕಟಗೊಳ್ಳಲಿ? ಸೆರಗ ಒಡ್ಡು."

ಸೊಸೆ ಜೋಳ ಹಿಡಿದು ಹೊಸ್ತಿಲ ತನಕ ಬಂದು ನಿಂತಳು. ಅತ್ತೆಯ ಕೈ ರೂಢಿಯಿಂದ ಸೆರಗಿಗೆ ಹೋಯಿತು. ನಾನು ಪಕ್ಕದಲ್ಲೇ ಇದ್ದೆ. ಸೆರಗಿನ ತುದಿ ಹಿಡಿದರು, ಒಡ್ಡುವ ಬದಲು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಜ್ವಾಳ ತಗೊಂಡ್ರ ಮಾರಿದಂಗ ಆಗತೈತ್ರಿ. ನಾ ಮಾರಾಕ ಬಂದಿಲ್ಲ."

ಗೌಡರ ಹೆಂಡತಿಯ ನಗೆ ನಿಂತಿತು. "ಯಾಕ, ನಮ್ಮ ಮನಿ ಜ್ವಾಳ ಬ್ಯಾಡಾತೇನು?"

"ಹಂಗಂದ್ರ ನನ್ನ ನಾಲಿಗಿ ಬಿದ್ದೀತ್ರಿ. ನಿಮ್ಮ ಜ್ವಾಳ ತಿಂದ ನನ್ನ ಮಕ್ಕಳು ಬೆಳದಾರ. ಇವತ್ತೊಂದಿನ ನೀವು ಇಸಗೊಳ್ರಿ."

ಕೊಟ್ಟಿಗೆಯಲ್ಲಿ ಎಮ್ಮೆ ಬಾಲ ಬಡಿಯುವುದು ಕೇಳುತ್ತಿತ್ತು. ಸೊಸೆ ತನ್ನ ಅತ್ತೆಯ ಮುಖ ನೋಡುತ್ತ ನಿಂತಿದ್ದಳು.

"ಆತು ಬಿಡು, ಇಟ್ಟ ಹೋಗು" ಎಂದರು ಗೌಡರ ಹೆಂಡತಿ. ದನಿಯಲ್ಲಿ ಸಿಟ್ಟಿರಲಿಲ್ಲ. ಏನು ಮಾಡಬೇಕೆಂದು ತಿಳಿಯದವರ ದನಿ ಅದು.

ನಾವು ಹೊರಟೆವು. ಗೋಡೆ ತಿರುಗುವಾಗ ನಾನು ಹಿಂದೆ ನೋಡಿದೆ. ಸೊಸೆ ತಂಬಿಗೆಯಿಂದ ಬೀಸಣಿಕೆಯ ಮೇಲೆ ನೀರು ಚಿಮುಕಿಸಿ, ಅದನ್ನು ಎತ್ತಿಕೊಂಡಳು. ಅತ್ತೆ ತಿರುಗಿ ನೋಡಲಿಲ್ಲ. ನಾನೂ ಹೇಳಲಿಲ್ಲ.

ಕೇರಿ ಹತ್ತಿರ ಬಂದಾಗ ಅತ್ತೆ, "ಆಕಿ ಕೆಟ್ಟಾಕಿ ಅಲ್ಲ ಬೇ. ಇಸಗೊಂಡ ರೂಢಿ ಇಲ್ಲ ಆಕೀಗಿ" ಎಂದರು. ಮನೆಗೆ ಬಂದು ಉಳಿದ ಮೆಣಸಿನಕಾಯಿ ತೊಟ್ಟು ಮುರಿಯಲು ಕುಳಿತರು.

ಮುಂದಿನ ತಿಂಗಳು ಕಾರಹುಣ್ಣಿಮೆ ಬಂತು. ಅತ್ತೆ ಬುಟ್ಟಿ ಹಿಡಿದು ಹೋಗಲಿಲ್ಲ ಎಂದು ನೆಗೆಣ್ಣಿಯಿಂದ ತಿಳಿಯಿತು. ಹೋಗುವುದಿಲ್ಲ ಎಂದು ಯಾರಿಗೂ ಹೇಳಿರಲಿಲ್ಲವಂತೆ. ಕೇಳಿದರೆ ಮೊಣಕಾಲು ನೋವು ಎಂದಿದ್ದರು. ಹೊಲದ ಕೆಲಸಕ್ಕೆ ಆ ಮೊಣಕಾಲು ಅಡ್ಡ ಬರಲಿಲ್ಲ. ಪಂಚಮಿಗೂ ಹೋಗಲಿಲ್ಲ. ನಾನು ಇದನ್ನು ನನ್ನ ಗಂಡನಿಗೆ ಹೇಳಿದೆ. ಅವರು ಓದುತ್ತಿದ್ದ ಪುಸ್ತಕವನ್ನು ಮುಚ್ಚಿ, ಬಹಳ ಹೊತ್ತು ತೆರೆಯಲಿಲ್ಲ. ನಾಗಪುರದಿಂದ ಬಂದಾಗಿನಿಂದ ಅವರು ತಾಯಿಗೆ ಹೇಳಿದ ಮಾತೊಂದೂ ಆ ಕೆಲಸ ಮಾಡಿರಲಿಲ್ಲ.

ಮರುವರ್ಷ ಹುಣ್ಣಿಮೆ ಇನ್ನೂ ಒಂದು ವಾರ ಇರುವಾಗಲೇ ಅತ್ತೆ ಬಿಜಾಪುರಕ್ಕೆ ಬಂದರು. ಈ ಸಲವೂ ತೊಡೆಯ ಮೇಲೆ ಗಂಟು ಇತ್ತು. ಅದರಲ್ಲಿ ಹಳೆಯ ಸೀರೆಗಳ ಅಂಚು: ಹಸಿರು, ಕೆಂಪು, ಅರಿಸಿನ ಬಣ್ಣದ್ದು. ಹೊದೆಯುವ ಕೌದಿ ಹೊಲಿಯಲೆಂದು ಕೂಡಿಸಿಟ್ಟದ್ದಂತೆ. ನನ್ನ ಗಂಡ ನೋಡಿ, ಬಿಳಿಯದೇ ಆಗಬೇಕಲ್ಲ ಎಂದರು.

"ಯಾಕ? ನಿನ್ನ ಬುದ್ಧಗ ಹಸರು ಕಂಡ್ರ ಸಿಟ್ಟು ಬರತೈತೇನು?"

"ಹಂಗಲ್ಲ ಯವ್ವಾ..."

"ಬಿಳೀದು ಒಂದ ವಾರದಾಗ ಹೊಲಸಾಗತೈತಿ. ಹೆಣ್ಣಮಕ್ಕಳ ಕೈಯಾಗ ಇರೂದು."

ನನ್ನ ಗಂಡ ಮರಾಠಿ ಓದುವ ಗೆಳೆಯರ ಹತ್ತಿರ ಹೋಗಿ ವಿಚಾರಿಸಿದರು. ಪುಸ್ತಕದಲ್ಲಿ ಬೀಸಣಿಕೆಯ ಮಾತೇ ಇಲ್ಲ ಎಂದು ಅವರು ಹೇಳಿ ಕಳಿಸಿದರು. ಆ ವರ್ಷದಿಂದ ಅಂಚು ಬಣ್ಣದ್ದಾಯಿತು. ಅತ್ತೆಯ ಹೊಲಿಗೆ ಕೌದಿಯ ಹೊಲಿಗೆ, ಇರುವೆಯ ಸಾಲಿನಂತೆ ಸಣ್ಣದು. ನಾನು ಹೆಣೆದದ್ದು ಬಿಚ್ಚಿದರೂ ಅವರ ಅಂಚು ಬಿಚ್ಚುತ್ತಿರಲಿಲ್ಲ.

ಅವರು ನಮ್ಮಲ್ಲಿ ಇದ್ದಾಗಲೇ ಗೌಡರ ಮನೆಯ ಆಳು ಸಂತೆಗೆ ಬಂದವನು ನಮ್ಮ ಓಣಿ ಹುಡುಕಿಕೊಂಡು ಬಂದ. ಗೌಡರ ಹೆಂಡತಿ ಹೇಳಿ ಕಳಿಸಿದ್ದರು: ಹೋದ ವರ್ಷದಂಥ ಬೀಸಣಿಕೆ ನಾಲ್ಕು ಬೇಕು, ಬೀಗರ ಮನೆಗೆ ಕೊಡಲಿಕ್ಕೆ, ಏನು ಹೇಳುತ್ತೀರೋ ಅಷ್ಟು ಕೊಡುತ್ತೇವೆ.

ಅತ್ತೆ ಸೂಜಿ ನಿಲ್ಲಿಸದೆ ಹೇಳಿದರು: "ಮಾರೂದಲ್ಲ ಅಂತ ಹೇಳಪ್ಪಾ. ಹಬ್ಬಕ್ಕ ಒಂದು ಕೊಡತೀನಿ. ನಾಕು ಬೇಕಂದ್ರ ನಾಕು ಹಬ್ಬ ಆಗಲಿ."

ಆಳು ನಗುತ್ತ ಹೋದ. ಹುಣ್ಣಿಮೆ ಮುಗಿಸಿ ಊರಿಗೆ ಹೋದ ಮೇಲೆ ಅತ್ತೆ ಹೇಳಿದಂತೆ ಒಂದನ್ನು ಕೊಟ್ಟು ಬಂದರು. ಜೋಳದ ಮಾತು ಆ ಸಲ ಬರಲಿಲ್ಲವಂತೆ. ಕಟ್ಟೆಯ ಮೇಲೆ ಇಡು ಎಂಬ ಮಾತು ಇದ್ದೇ ಇತ್ತು. ಹಳೆಯದು ಏನಾಯಿತು ಎಂದು ನೆಗೆಣ್ಣಿ ಅಲ್ಲಿಯ ಕೆಲಸದವಳನ್ನು ಕೇಳಿದ್ದಳು. ಮೊದಮೊದಲು ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು, ಈಗ ಹಿತ್ತಲ ಒಲೆಗೆ ಗಾಳಿ ಹಾಕಲು ಬಳಸುತ್ತಾರೆ ಎಂದು ತಿಳಿಯಿತು. ನೆಗೆಣ್ಣಿ ಅದನ್ನು ಸಿಟ್ಟಿನಿಂದ ಹೇಳಿದಳು. ಅತ್ತೆ, "ಒಲಿ ಊದೂದೂ ಗಾಳಿನ. ಬಿಡು" ಎಂದರು.

ಅರವತ್ತರ ದಶಕದ ನಡುವಿಗೆ ತಿಕೋಟಾದ ಕೇರಿಯಲ್ಲೂ ಕೆಲವು ಮನೆಗಳು ಬೌದ್ಧರಾದವು. ಅತ್ತೆ ನಾನೂ ಆದೆ ಎಂದು ಎಂದೂ ಹೇಳಲಿಲ್ಲ, ಆಗಲಿಲ್ಲ ಎಂದೂ ಹೇಳಲಿಲ್ಲ. ಆದರೆ ವೈಶಾಖ ಬಂತೆಂದರೆ ಕೇರಿಯ ಹುಡುಗಿಯರನ್ನು ಕೂರಿಸಿಕೊಂಡು ಅಂಚು ಹೊಲಿಯಲು ಕಲಿಸುತ್ತಿದ್ದರು. ಗರಿ ಬಬಲೇಶ್ವರದಿಂದಲೇ ಹೋಗಬೇಕಿತ್ತು. ಹೊರೆ ಕಟ್ಟಿ ಬಸ್ಸಿಗೆ ಹಾಕುವುದು ನನ್ನ ಅಣ್ಣನ ಪಾಲಿಗೆ ಬಂತು. ಮದುವೆಯಾಗಿ ಹೋಗುವ ಹುಡುಗಿಯರ ಪೆಟ್ಟಿಗೆಯಲ್ಲಿ ಒಂದು ಬೀಸಣಿಕೆ ಇಡುವ ರೂಢಿ ಹೇಗೋ ಬೆಳೆಯಿತು. ಸೊಲ್ಲಾಪುರಕ್ಕೆ ಹೋದವಳೊಬ್ಬಳು ಅಲ್ಲಿಯ ಓಣಿಯಲ್ಲೂ ಹೆಣೆಯುವುದನ್ನು ಶುರು ಮಾಡಿದಳೆಂದು ಕೇಳಿದೆ, ನೋಡಲಿಲ್ಲ.

ಬಿಜಾಪುರದ ನಮ್ಮ ಓಣಿಗೆ ಕರೆಂಟು ಬಂದ ಮೇಲೆ ಹುಣ್ಣಿಮೆಗೆ ಕೆಲವರು ಸ್ಟೇಷನ್ ರಸ್ತೆಯ ಅಂಗಡಿಯಿಂದ ಸ್ಟೀಲಿನ ಲೋಟ ತಂದು ಹಂಚಲು ಆರಂಭಿಸಿದರು. ಹೆಂಗಸರಿಗೆ ಅದೂ ಬೇಕಿತ್ತು; ಗಟ್ಟಿ ಸಾಮಾನು, ವರ್ಷಗಟ್ಟಲೆ ಬಾಳುತ್ತದೆ. ನಾವು ಕೆಲವರು ಬೀಸಣಿಕೆಯನ್ನೇ ಮುಂದುವರಿಸಿದೆವು. ದೊಡ್ಡ ತತ್ವವೇನೂ ಇರಲಿಲ್ಲ. ಗರಿ ಹಳ್ಳದಲ್ಲಿ ಬೆಳೆಯುತ್ತಿತ್ತು, ಕೈಗೆ ರೂಢಿಯಾಗಿತ್ತು, ಮಧ್ಯಾಹ್ನ ಗೋಡೆಯ ನೆರಳಲ್ಲಿ ಕೂಡುವುದು ಹೆಂಗಸರಿಗೆ ಬೇಕಾಗಿತ್ತು.

ತಿಕೋಟಾದ ಕೇರಿಯಲ್ಲಿ ಮೊದಲ ಸಲ ಹುಣ್ಣಿಮೆ ಮಾಡಿದಾಗ ನಾವಿಬ್ಬರೂ ಹೋಗಿದ್ದೆವು. ಅಡುಗೆಯ ಯಜಮಾನಿಕೆ ಅತ್ತೆಯದು. ಕೇರಿಯ ಪ್ರತಿ ಮನೆಯಿಂದ ಗೋಧಿ ಮತ್ತು ಬೆಲ್ಲ ಬಂದಿತ್ತು. ಮಗನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ತಾವೇ ಹುಗ್ಗಿಯ ಬೋಗುಣಿ ಹಿಡಿದು ಬಡಿಸಿದರು. ನನ್ನ ಗಂಡ ಉಂಡರು. ಇನ್ನೊಂದು ಸಲ ಹಾಕಿಸಿಕೊಂಡರು. ಅತ್ತೆ ಎದುರಿಗೆ ಕುಳಿತು ಬೀಸುತ್ತ, "ಬೆಲ್ಲ ಹೆಚ್ಚಾಗೈತೇನು?" ಎಂದು ಕೇಳಿದರು.

"ಸರಿ ಐತಿ ಯವ್ವಾ."

"ಹೆಚ್ಚಾಗೈತಿ. ನನಗ ಗೊತ್ತೈತಿ" ಎಂದು ಹೇಳಿ, ಬೋಗುಣಿ ಎತ್ತಿಕೊಂಡು ಮುಂದಿನ ಎಲೆಗೆ ಹೋದರು.